ಬಿಟ್ಟ ಪ್ರಾರ್ಥನೆಗೆ ಮರಳಿದ ಸಂತ ತೆರೇಸಾ

ಪ್ರತಿ ವರ್ಷ ಅಕ್ಟೋಬರ್ 15ರಂದು ಧರ್ಮಸಭೆಯು ಆವಿಲಾದ ಸಂತ ತೆರೇಸಾರ ಹಬ್ಬವನ್ನು ಆಚರಿಸುತ್ತದೆ. ಅದೇ ತಿಂಗಳ 1ರಂದು ನಾವು ನೆನೆಯುವ ಬಾಲಯೇಸುವಿನ ಸಂತ ತೆರೇಸಾರು ಫ್ರಾನ್ಸ್ ದೇಶದವರು. ಇವರು ಅವರಿಗಿಂತ ಮೂರು ಶತಮಾನಗಳಿಗೂ ಹಿಂದೆ ಸ್ಪೇನ್ ದೇಶದಲ್ಲಿ ಬಾಳಿದವರು. ಪ್ರಾರ್ಥನೆಯ ಮಹಾಗುರುವೆಂದು ಜಗತ್ತು ಗೌರವಿಸುವ ಈ ತಾಯಿ ತಮ್ಮ ಜೀವನದಲ್ಲಿ ಒಮ್ಮೆ ಆ ಪ್ರಾರ್ಥನೆಯನ್ನೇ ಬಿಟ್ಟುಬಿಟ್ಟಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರ ಬಾಳಿನ ಆ ಅಧ್ಯಾಯವನ್ನೇ ಈ ವಾರ ನಮ್ಮ ಕುಟುಂಬಗಳ ಮುಂದಿಡಲು ಬಯಸುತ್ತೇವೆ.

ತೆರೇಸಾ ಜನಿಸಿದ್ದು 1515ರ ಮಾರ್ಚ್ 28ರಂದು. ತಂದೆ ಅಲೋನ್ಸೊ ದೆ ಸೆಪೆದಾ, ತಾಯಿ ಬೆಯಾತ್ರಿಸ್. ಸಹೋದರ ರೊದ್ರಿಗೊನೊಡನೆ ರಕ್ತಸಾಕ್ಷಿಯಾಗುವ ಆಸೆಯಿಂದ ಮನೆಬಿಟ್ಟು ಹೊರಟು, ದಾರಿಯಲ್ಲಿ ಚಿಕ್ಕಪ್ಪನ ಕೈಗೆ ಸಿಕ್ಕಿ ಹಿಂದಿರುಗಿದ ಅವರ ಬಾಲ್ಯದ ಪ್ರಸಂಗ ಪ್ರಸಿದ್ಧವಾದುದು. ಹದಿಹರೆಯದ ಹೊಸ್ತಿಲಲ್ಲಿ ತಾಯಿಯನ್ನು ಕಳೆದುಕೊಂಡಾಗ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಕಣ್ಣೀರಿಟ್ಟು, ಇನ್ನು ತಮಗೆ ತಾಯಿಯಾಗಿರಬೇಕೆಂದು ಅವರನ್ನು ಬೇಡಿಕೊಂಡರು. 1535ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಆವಿಲಾದ ಕಾರ್ಮೆಲ್ ಸಭೆಯ ಮಠವನ್ನು ಪ್ರವೇಶಿಸಿದರು.

ಕೆಲವೇ ವರ್ಷಗಳಲ್ಲಿ ಘೋರವಾದ ಕಾಯಿಲೆ ಅವರನ್ನು ಆವರಿಸಿತು. ಚಿಕಿತ್ಸೆಗೆಂದು ಹೊರಟಾಗ ದಾರಿಯಲ್ಲಿ ಮತ್ತೊಬ್ಬ ಚಿಕ್ಕಪ್ಪನವರು ಅವರ ಕೈಗೊಂದು ಪುಸ್ತಕವನ್ನಿತ್ತರು. ಫ್ರಾನ್ಸಿಸ್ಕನ್ ಗುರು ಒಸೂನಾ ಎಂಬವರು ಬರೆದ ಆ ಗ್ರಂಥದಿಂದ ತೆರೇಸಾರು ಅಂತರಂಗದ ಪ್ರಾರ್ಥನೆಯನ್ನು ಕಲಿತರು. 1539ರಲ್ಲಿ ರೋಗ ಉಲ್ಬಣಿಸಿ ಸುಮಾರು ನಾಲ್ಕು ದಿನ ಪ್ರಜ್ಞೆ ತಪ್ಪಿತು. ಸತ್ತರೆಂದೇ ಭಾವಿಸಿ ಮಠದಲ್ಲಿ ಸಮಾಧಿಯನ್ನೂ ತೋಡಿದ್ದರು. ಎಚ್ಚೆತ್ತ ಮೇಲೂ ಅವರು ಸುಮಾರು ಮೂರು ವರ್ಷ ಕೈಕಾಲಿನ ಸ್ವಾಧೀನವಿಲ್ಲದೆ ಮಲಗಿದರು. ಕೊನೆಗೆ ಗುಣಹೊಂದಿದುದು ಸಂತ ಜೋಸೆಫರ ಬಿನ್ನಹದಿಂದ ಎಂಬುದು ಅವರ ದೃಢವಾದ ನಂಬಿಕೆ.

ಇಷ್ಟೊಂದು ಉಪಕಾರ ಪಡೆದವರು ದೇವರನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಿತ್ತಲ್ಲವೇ? ಆದದ್ದು ಬೇರೆಯೇ. ಆ ಮಠದಲ್ಲಿ ಅಂದು ಹೊರಗಿನವರಿಗೆ ಬಂದು ಹೋಗುವ ಸ್ವಾತಂತ್ರ್ಯವಿತ್ತು. ತೆರೇಸಾರ ಮಾತು ಸೊಗಸು, ಸ್ವಭಾವ ಸ್ನೇಹಪರ. ಅವರೊಡನೆ ಹರಟಲು ನಗರದ ಜನ ಬರುತ್ತಿದ್ದರು. ಮಾತು ಬೆಳೆಯಿತು, ಗೆಳೆತನಗಳು ಬೆಳೆದವು, ಧ್ಯಾನ ಸೊರಗಿತು. ದೊಡ್ಡ ಅಪರಾಧವೇನೂ ನಡೆಯಲಿಲ್ಲ. ಆದರೆ ಒಳಗಿನ ಬಾವಿ ಬತ್ತತೊಡಗಿತು. ಆಗ ಅವರ ಮನಸ್ಸಿಗೊಂದು ವಿಚಾರ ಬಂದಿತು: ಇಂಥ ಅರೆಮನಸ್ಸಿನ ತಾವು ದೇವರ ಬಳಿ ಆಪ್ತವಾಗಿ ಕುಳಿತುಕೊಳ್ಳುವುದು ಸೋಗಲ್ಲವೇ? ಎಲ್ಲರಂತೆ ಬಾಯಿಯ ಪ್ರಾರ್ಥನೆಗಳನ್ನಷ್ಟೇ ಹೇಳಿಕೊಂಡಿರುವುದೇ ವಿನಯವಲ್ಲವೇ? ಹೀಗೆ ಯೋಚಿಸಿ, ಒಂದು ವರ್ಷಕ್ಕೂ ಮೀರಿ ಅಂತರಂಗದ ಪ್ರಾರ್ಥನೆಯನ್ನು ಅವರು ಕೈಬಿಟ್ಟರು.

ಈ ಅವಧಿಯ ಒಂದು ಘಟನೆ ನಮ್ಮ ಹೃದಯವನ್ನು ತಟ್ಟುವಂಥದು. ತಮ್ಮ ತಂದೆಗೆ ಧ್ಯಾನವನ್ನು ಕಲಿಸಿದವರು ತೆರೇಸಾರೇ. ತಂದೆ ಅದರಲ್ಲಿ ಬಹಳ ಮುಂದುವರಿದಿದ್ದರು. ಮಗಳೊಡನೆ ದೇವರ ವಿಷಯ ಮಾತನಾಡಲು ಮಠಕ್ಕೆ ಬಂದಾಗ, ತಾವೀಗ ಧ್ಯಾನ ಮಾಡುತ್ತಿಲ್ಲವೆಂದು ಮಗಳು ಹೇಳಬೇಕಾಯಿತು. ಕಾರಣವೆಂದು ತಮ್ಮ ಕಾಯಿಲೆಯನ್ನು ಮುಂದೊಡ್ಡಿದರು. ಸರಳಹೃದಯಿ ತಂದೆ ಅದನ್ನು ನಂಬಿ ಮರುಗಿದರು. ಆದರೆ ಕ್ರಮೇಣ ಅವರ ಭೇಟಿಗಳು ಕಿರಿದಾದವು. ಬರಿಯ ಲೋಕಾಭಿರಾಮದ ಮಾತಿಗಾಗಿ ಕುಳಿತಿರಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. 1543ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮಗಳು ಕೊನೆಯವರೆಗೂ ಆರೈಕೆ ಮಾಡಿದರು.

ತಂದೆಯ ಪಾಪನಿವೇದನೆಯನ್ನು ಆಲಿಸುತ್ತಿದ್ದವರು ಡೊಮಿನಿಕನ್ ಸಭೆಯ ಗುರು ವಿಸೆಂತೆ ಬಾರ್ರೋನ್. ತೆರೇಸಾರು ಅವರ ಬಳಿಯೇ ಹೋಗಿ ತಮ್ಮ ಸ್ಥಿತಿಯನ್ನು ತೆರೆದಿಟ್ಟರು. ಯೋಗ್ಯರಾದ ಮೇಲೆ ಪ್ರಾರ್ಥನೆಗೆ ಬನ್ನಿ ಎಂದು ಆ ಗುರುಗಳು ಹೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ಪರಮಪ್ರಸಾದ ಸ್ವೀಕರಿಸಬೇಕು, ಬಿಟ್ಟ ಪ್ರಾರ್ಥನೆಯನ್ನು ಕೂಡಲೇ ಆರಂಭಿಸಬೇಕು ಎಂದು ಸೂಚಿಸಿದರು. ತೆರೇಸಾರು ವಿಧೇಯರಾದರು. ಆಮೇಲೆ ಬದುಕಿರುವವರೆಗೂ ಪ್ರಾರ್ಥನೆಯನ್ನು ಬಿಡಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ತೀರ ಅಸಮಾನರ ನಡುವೆ, ದೇವರಿಗೂ ಮನುಷ್ಯನಿಗೂ ಇರುವಷ್ಟು ಅಂತರವಿದ್ದಲ್ಲಿ, ಸ್ನೇಹವು ಉಳಿಯಲಾರದೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಭಾವಿಸಿದ್ದನು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರಾದರೋ ದೈವಪ್ರೀತಿಯೆಂದರೆ ದೇವರೊಡನೆ ಮನುಷ್ಯನ ಸ್ನೇಹವೇ ಎಂದು ಬೋಧಿಸಿದರು. ದೇವರೇ ಇಳಿದುಬಂದು ತಮ್ಮ ಬಾಳನ್ನು ನಮ್ಮೊಡನೆ ಹಂಚಿಕೊಂಡುದರಿಂದ ಆ ಅಂತರವು ದಾಟಲ್ಪಟ್ಟಿದೆ. ಹಾಗಾದರೆ ನಮ್ಮ ಯೋಗ್ಯತೆ ಆ ಸ್ನೇಹದ ಫಲವೇ ಹೊರತು ಅದಕ್ಕೆ ತೆರಬೇಕಾದ ಬೆಲೆಯಲ್ಲ. ಗುಣವಾದ ಮೇಲೆ ವೈದ್ಯರ ಬಳಿ ಹೋಗುತ್ತೇನೆ ಎನ್ನುವ ರೋಗಿಯು ಕಾರ್ಯವನ್ನು ಕಾರಣದ ಸ್ಥಾನದಲ್ಲಿಡುತ್ತಾನೆ. ತೆರೇಸಾರ ತಪ್ಪು ಇದೇ ಆಗಿತ್ತು. ತಾವು ವಿನಯವೆಂದು ಬಗೆದುದು ಶೋಧನೆಯಾಗಿತ್ತೆಂದೂ, ತಮ್ಮ ಜೀವನದಲ್ಲಿ ಅದಕ್ಕಿಂತ ಅಪಾಯಕರವಾದುದು ಬೇರೊಂದಿರಲಿಲ್ಲವೆಂದೂ ಅವರು ಮುಂದೆ ತಮ್ಮ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡರು.

ಮರಳಿದ ಮಾತ್ರಕ್ಕೆ ಎಲ್ಲವೂ ಸುಗಮವಾಗಲಿಲ್ಲ. ಮುಂದಿನ ಸುಮಾರು ಹತ್ತು ವರ್ಷ ಒಣಭೂಮಿಯ ನಡಿಗೆ. ಧ್ಯಾನಕ್ಕೆ ಕುಳಿತಾಗ ಆ ಒಂದು ಗಂಟೆ ಯಾವಾಗ ಮುಗಿದೀತೆಂದು ಕಾಯುತ್ತಿದ್ದ ದಿನಗಳೂ ಇದ್ದವು. ಮನಸ್ಸು ಚದುರುತ್ತಿದ್ದುದರಿಂದ ಕೈಯಲ್ಲೊಂದು ಪುಸ್ತಕವಿಲ್ಲದೆ ಅವರು ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿರಲಿಲ್ಲ. ಹೊಲ, ನೀರು, ಹೂಗಳನ್ನು ಕಂಡು ಸೃಷ್ಟಿಕರ್ತನನ್ನು ನೆನೆಯುತ್ತಿದ್ದರು. ಚಿಕ್ಕಂದಿನಿಂದಲೂ ಮಲಗುವ ಮುನ್ನ ಗೆತ್ಸೆಮನಿ ತೋಪಿನಲ್ಲಿ ಒಂಟಿಯಾಗಿದ್ದ ಯೇಸುಸ್ವಾಮಿಯನ್ನು ಸ್ಮರಿಸುವ ಅಭ್ಯಾಸವೊಂದು ಅವರಿಗಿತ್ತು. ಅದನ್ನೂ ಬಿಡಲಿಲ್ಲ.

1554ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹಬ್ಬಕ್ಕೆಂದು ಮಠಕ್ಕೆ ತಂದಿರಿಸಿದ್ದ ಗಾಯಗೊಂಡ ಕ್ರಿಸ್ತರ ಸ್ವರೂಪವೊಂದು ಅವರ ಕಣ್ಣಿಗೆ ಬಿತ್ತು. ಆ ಗಾಯಗಳಿಗೆ ತಾವು ತೋರಿದ ಕೃತಘ್ನತೆಯನ್ನು ನೆನೆದು, ಅದರ ಮುಂದೆ ಬಿದ್ದು ಅತ್ತರು. ತಮಗೆ ಬಲವನ್ನು ದಯಪಾಲಿಸುವ ತನಕ ಏಳುವುದಿಲ್ಲವೆಂದು ಹಟ ಹಿಡಿದರು. ಅದೇ ಕಾಲದಲ್ಲಿ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವನ್ನು ಓದಿ, ಅವರ ಮನಪರಿವರ್ತನೆಯಲ್ಲಿ ತಮ್ಮನ್ನೇ ಕಂಡುಕೊಂಡರು. ಅಂದಿನಿಂದ ಅವರು ನೆಚ್ಚಿದುದು ತಮ್ಮ ಶಕ್ತಿಯನ್ನಲ್ಲ, ದೇವರನ್ನು.

ಫಲಗಳು ನಮಗೆ ತಿಳಿದಿವೆ. 1562ರ ಆಗಸ್ಟ್ 24ರಂದು ಆವಿಲಾದಲ್ಲಿ ಸಂತ ಜೋಸೆಫರ ಹೆಸರಿನ ಪುಟ್ಟ ಮಠವನ್ನು ತೆರೆದು ಕಾರ್ಮೆಲ್ ಸಭೆಯ ಸುಧಾರಣೆಗೆ ತೊಡಗಿದರು. ಅನಾರೋಗ್ಯದಲ್ಲಿಯೂ ಗಾಡಿಯಲ್ಲಿ ಸ್ಪೇನಿನ ಉದ್ದಗಲಕ್ಕೆ ಪಯಣಿಸಿ ಒಟ್ಟು 17 ಮಠಗಳ ಸ್ಥಾಪನೆಗೆ ಕಾರಣರಾದರು. ಪುರುಷರ ಸುಧಾರಿತ ಶಾಖೆಗೆ ಶಿಲುಬೆಯ ಸಂತ ಯೊವಾನ್ನರು ಅವರ ಸಹಾಯಕರಾದರು. 1577ರಲ್ಲಿ ಬರೆದ ಗ್ರಂಥದಲ್ಲಿ ಆತ್ಮವನ್ನು ಏಳು ನೆಲೆಗಳ ಕೋಟೆಗೆ ಹೋಲಿಸಿ, ಅದರ ಹೆಬ್ಬಾಗಿಲು ಪ್ರಾರ್ಥನೆಯೆಂದು ತೋರಿಸಿಕೊಟ್ಟರು. 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್‌ನಲ್ಲಿ ನಿಧನರಾದರು. ಹೊಸ ಪಂಚಾಂಗ ಜಾರಿಗೆ ಬಂದುದರಿಂದ ಮರುದಿನವೇ ಅಕ್ಟೋಬರ್ 15 ಆಯಿತು. 1622ರಲ್ಲಿ ಅವರಿಗೆ ಸಂತಪದವಿ ದೊರೆಯಿತು. 1970ರಲ್ಲಿ ಜಗದ್ಗುರು ಆರನೇ ಪೌಲರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಈ ಗೌರವಕ್ಕೆ ಪಾತ್ರರಾದ ಪ್ರಥಮ ಮಹಿಳೆ ಅವರೇ. ಅವರ ಮಕ್ಕಳು 1870ರಲ್ಲಿ ಫ್ರಾನ್ಸಿನಿಂದ ನಮ್ಮ ಮಂಗಳೂರಿಗೂ ಬಂದು ಕಾರ್ಮೆಲ್ ಮಠವನ್ನು ಸ್ಥಾಪಿಸಿದರು. 2015ರಲ್ಲಿ ಸಂತಪದವಿಗೇರಿದ ಗಲಿಲೇಯದ ಮರಿಯಂ ಬವಾರ್ದಿಯವರು ಆ ತಂಡದಲ್ಲಿದ್ದರು.

ಪ್ರಿಯ ಓದುಗರೇ, ಧರ್ಮಕೇಂದ್ರದ ಸೇವೆಯಲ್ಲಿ ನಾವು ಕಾಣುವ ಒಂದು ನೋವಿದೆ. ದೇವರ ಮೇಲಿನ ಸಿಟ್ಟಿನಿಂದ ದೂರವಾದವರುಂಟು. ಆದರೆ ನಾಚಿಕೆಯಿಂದ ದೂರವಾದವರೂ ಕಡಿಮೆಯಿಲ್ಲ. ಕುಡಿತ ಬಿಟ್ಟ ಮೇಲೆ ಬರುತ್ತೇನೆ, ಅಣ್ಣತಮ್ಮಂದಿರ ಜಗಳ ತೀರಿದ ಮೇಲೆ ಬರುತ್ತೇನೆ ಎಂದು ದೇವಾಲಯದ ಅಂಗಳದಲ್ಲೇ ನಿಂತುಬಿಡುತ್ತಾರೆ. ವರ್ಷಗಳು ಉರುಳುತ್ತವೆ. ಕೆಲವರನ್ನು ನಾವು ಅಂತ್ಯಕ್ರಿಯೆಯ ದಿನವೇ ಒಳಗೆ ಬರಮಾಡಿಕೊಂಡಿದ್ದೇವೆ. ಅವರಿಗೆ ತೆರೇಸಾರ ಕಥೆಯನ್ನು ಮೊದಲೇ ಹೇಳಬೇಕಾಗಿತ್ತು ಎಂಬ ಕೊರಗು ನಮಗಿದೆ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಅವರನ್ನು ಹಂಗಿಸಬೇಡಿ. ಸಂಜೆಯ ಜಪಸರಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಥವರು ನೀವೇ ಆಗಿದ್ದರೆ, ಇಂದು ರಾತ್ರಿ ಮಲಗುವ ಮುನ್ನ ಗೆತ್ಸೆಮನಿಯ ಯೇಸುಸ್ವಾಮಿಯ ಬಳಿ ಐದು ನಿಮಿಷ ಕುಳಿತುಕೊಳ್ಳಿ. ಮಾತು ಬಾರದಿದ್ದರೆ ಸುಮ್ಮನಿರಿ. ಶನಿವಾರ ಪಾಪನಿವೇದನೆಗೆ ಬನ್ನಿ. ನಾಳೆಯೂ ಹಾಗೆಯೇ ಕುಳಿತುಕೊಳ್ಳಿ, ನಾಡಿದ್ದೂ ಕುಳಿತುಕೊಳ್ಳಿ. ತೆರೇಸಾರು ಮಾಡಿದ್ದೂ ಇಷ್ಟೇ.