ನೆನ್ನೊಲೀನಾ ಮತ್ತು ಅವಳ ಮನೆಯವರು

ಆಡುವಾಗ ಬಿದ್ದ ಮಗುವಿನ ಮೊಣಕಾಲು ಊದಿಕೊಂಡರೆ ನಾವು ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ, ಅಲ್ಲವೇ? 1930ರ ಡಿಸೆಂಬರ್ 15ರಂದು ರೋಮ್ ನಗರದಲ್ಲಿ ಹುಟ್ಟಿದ ಅಂತೋನಿಯೆತ್ತಾ ಮೆಯೋ ಎಂಬ ಬಾಲಕಿಯೂ ಹಾಗೆಯೇ ಬಿದ್ದಳು. ಮನೆಯವರಿಗೆ ಅವಳು ಮುದ್ದಿನ ನೆನ್ನೊಲೀನಾ. ನೋವು ವಾಸಿಯಾಗಲಿಲ್ಲ, ಅದು ಮೂಳೆಯ ಕ್ಯಾನ್ಸರ್ ಎಂದು ತಿಳಿಯಿತು. 1936ರ ಏಪ್ರಿಲ್ 25ರಂದು ಎಡಗಾಲನ್ನೇ ತೆಗೆಯಬೇಕಾಯಿತು. ಆಗ ಅವಳಿಗೆ ಐದೇ ವರ್ಷ.

ಕೃತಕ ಕಾಲು ಕಟ್ಟಿಕೊಂಡೇ ಅವಳು ಶಾಲೆಗೆ ಹೋದಳು. ಸಂಜೆ ತಾಯಿ ಮರಿಯಾ ಪಕ್ಕದಲ್ಲಿ ಕುಳಿತು ಜ್ಞಾನೋಪದೇಶ ಕಲಿಸುತ್ತಿದ್ದರು. ಮಗಳು ಹೇಳಿದಂತೆ ಯೇಸುಸ್ವಾಮಿಗೆ ಪತ್ರ ಬರೆಯುತ್ತಿದ್ದರು. ಮುಂದೆ ಅವಳೇ ಬರೆಯಲು ಕಲಿತಳು. ಹೀಗೆ ನೂರಕ್ಕೂ ಹೆಚ್ಚು ಪತ್ರಗಳಾದವು. ಆ ವರ್ಷದ ಕ್ರಿಸ್ಮಸ್ ರಾತ್ರಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ರೋಗ ಹರಡಿ, 1937ರ ಜುಲೈ 3ರಂದು ತೀರಿಕೊಂಡಳು. 2007ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವಳನ್ನು ಪೂಜ್ಯಳೆಂದು ಘೋಷಿಸಿದರು.

ಇಂದು ಬೇಗನೆ ತೋರಿಸಿದರೆ ಎಷ್ಟೋ ಮಕ್ಕಳು ಗುಣವಾಗುತ್ತಾರೆ. ಗಂಡಸಿಯ ತಾಯಿಗೂ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಅರ್ಧ ದಿನದ ದಾರಿ. ವಾಸಿಯಾಗದ ಊತವನ್ನು ಕಡೆಗಣಿಸಬೇಡಿ. ಅಂಥ ಮಗು ನಿಮ್ಮ ನೆರೆಯಲ್ಲಿದ್ದರೆ, ಮರಿಯಾಳಂತೆ ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.