ನಮ್ಮ ಉಸಿರಿನ ಇಂಗಾಲ ಬಂದದ್ದೆಲ್ಲಿಂದ? ಬೇಗಂಪೇಟೆಯಲ್ಲಿ ಆಕಾಶ ನೋಡಲು ಕಲಿತ ವೈನು ಬಪ್ಪು ಕಥೆ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಿಕೊಳ್ಳುತ್ತದೆ. ಗಿಡವನ್ನು ದನ ಮೇಯುತ್ತದೆ, ಕಾಳನ್ನು ನಾವು ತಿನ್ನುತ್ತೇವೆ, ಉಸಿರು ಬಿಟ್ಟಾಗ ಅದೇ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಒಂದಷ್ಟು ಸಮುದ್ರದಲ್ಲಿ ಕರಗಿ, ಚಿಪ್ಪಾಗಿ, ಸುಣ್ಣದ ಕಲ್ಲಾಗಿ, ಕೋಟ್ಯಂತರ ವರ್ಷಗಳ ನಂತರ ಜ್ವಾಲಾಮುಖಿಯ ಬಾಯಿಂದ ಹೊರಬರುತ್ತದೆ. ಹೀಗೆ ಸುತ್ತುತ್ತಲೇ ಇರುವ ಇಂಗಾಲ ಭೂಮಿಯಲ್ಲಿ ಹುಟ್ಟಿದ್ದಲ್ಲ, ನಕ್ಷತ್ರಗಳ ಒಡಲಲ್ಲಿ ಬೆಂದು ಬಂದದ್ದು. ಅಂಥ ನಕ್ಷತ್ರಗಳ ಬೆಳಕನ್ನು ಓದುವುದರಲ್ಲೇ ಬದುಕು ಕಳೆದ ಭಾರತೀಯ ವಿಜ್ಞಾನಿ ಎಂ.ಕೆ. ವೈನು ಬಪ್ಪು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು ಅವರೇ.

ತಂದೆಯ ಕಚೇರಿಯೇ ಮೊದಲ ಪಾಠಶಾಲೆ

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮನೆತನ ಕೇರಳದ್ದು, ಬೆಳೆದದ್ದು ಹೈದರಾಬಾದ್‌ನಲ್ಲಿ. ತಂದೆ ಸುನನ್ನ ಬಪ್ಪು ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ನವಾಬ್ ಜಫರ್ ಜಂಗ್ ಅವರ ಖಾಸಗಿ ಹವ್ಯಾಸವಾಗಿ ಶುರುವಾದ ಈ ವೀಕ್ಷಣಾಲಯ ಅವರ ನಿಧನದ ನಂತರ, 1908ರಲ್ಲಿ ನಿಜಾಮ್ ಸರ್ಕಾರದ ಕೈಗೆ ಬಂತು. ಇಡೀ ಆಕಾಶವನ್ನು ಫೋಟೋ ಪ್ಲೇಟ್‌ಗಳಲ್ಲಿ ದಾಖಲಿಸುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಹೈದರಾಬಾದ್‌ಗೂ ಒಂದು ಪಾಲು ಇತ್ತು. ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಇಲ್ಲಿ ಅಳೆಯಲಾಯಿತು.

ಇಂಥ ಜಾಗದ ಒಡನಾಟದಲ್ಲಿ ಬೆಳೆದ ಹುಡುಗನಿಗೆ ಆಕಾಶದ ಗೀಳು ಹತ್ತಿದ್ದರಲ್ಲಿ ಅಚ್ಚರಿಯಿಲ್ಲ. ನಿಜಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಹೊಳಪು ಬದಲಿಸುವ ನಕ್ಷತ್ರಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅಮೆರಿಕದ ಹಾರ್ವರ್ಡ್ ಸೇರಿದರು.

ಹೋದ ವರ್ಷವೇ ಸಿಕ್ಕ ಧೂಮಕೇತು

ಹಾರ್ವರ್ಡ್ ಸೇರಿ ಕೆಲವೇ ತಿಂಗಳಾಗಿತ್ತು. 1949ರ ಜುಲೈ 2ರಂದು ತೆಗೆದ ಪ್ಲೇಟೊಂದರಲ್ಲಿ ಅವರಿಗೆ ಹೊಸ ಧೂಮಕೇತು ಕಂಡಿತು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಹೆಸರೂ ಸೇರಿ ಅದು ‘ಬಪ್ಪು-ಬಾಕ್-ನ್ಯೂಕರ್ಕ್’ ಆಯಿತು. ಆಗ ಬಪ್ಪು ಅವರಿಗೆ 22 ಕೂಡ ತುಂಬಿರಲಿಲ್ಲ.

ಧೂಮಕೇತು ಎಂದರೆ ಇಂಗಾಲ ಹೊತ್ತ ಹಿಮದ ಗುಡ್ಡೆ. ಸೂರ್ಯನ ಬಳಿ ಬಂದಾಗ ಹಿಮ ಆವಿಯಾಗಿ, ಬಿಸಿಲಿಗೆ ಅಣುಗಳು ಒಡೆಯುತ್ತವೆ. ಎರಡು ಇಂಗಾಲದ ಪರಮಾಣುಗಳು ಜೋಡಿಯಾಗಿ ಉಳಿದಾಗ ಹಸಿರು ಬೆಳಕು ಬರುತ್ತದೆ. ಹಲವು ಧೂಮಕೇತುಗಳ ತಲೆ ಹಸಿರಾಗಿ ಕಾಣುವುದು ಇದರಿಂದಲೇ. ಭೂಮಿಗೆ ಇಂಗಾಲ ತಂದುಕೊಟ್ಟದ್ದರಲ್ಲಿ ಧೂಮಕೇತುಗಳ ಪಾಲೆಷ್ಟು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಬಪ್ಪು ದೀರ್ಘಕಾಲ ಬೆನ್ನುಹತ್ತಿದ ಮತ್ತೊಂದು ವಿಷಯ ವುಲ್ಫ್-ರಾಯೆ ನಕ್ಷತ್ರಗಳು. ಅತಿ ಬಿಸಿಯಾದ ಈ ದೈತ್ಯ ನಕ್ಷತ್ರಗಳು ತಮ್ಮ ಮೈಯ ವಸ್ತುವನ್ನೇ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದ ಗಾಳಿಯಾಗಿ ಊದಿಬಿಡುತ್ತವೆ. ಇವುಗಳಲ್ಲಿ ಒಂದು ಬಗೆಯ ನಕ್ಷತ್ರಗಳ ಬೆಳಕಿನ ತುಂಬ ಇಂಗಾಲದ ಗುರುತುಗಳೇ. ಹೀಲಿಯಂ ಬೆಸೆದು ಇಂಗಾಲವಾಗಿ, ಅದು ಬಾಹ್ಯಾಕಾಶಕ್ಕೆ ಚೆಲ್ಲುವ ದಾರಿಗಳಲ್ಲಿ ಇದೂ ಒಂದು.

ಅಮೆರಿಕದಲ್ಲೇ ಓಲಿನ್ ವಿಲ್ಸನ್ ಜತೆ ಮಾಡಿದ ಸಂಶೋಧನೆ ‘ವಿಲ್ಸನ್-ಬಪ್ಪು ಪರಿಣಾಮ’ ಎಂದೇ ಪ್ರಸಿದ್ಧ. ತಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಒಂದು ಗೆರೆ ಎಷ್ಟು ಅಗಲವಿದೆ ಎಂದು ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರವನ್ನೂ ಲೆಕ್ಕ ಹಾಕಬಹುದು.

ಕಾಡಿನ ನಡುವೆ ಕಟ್ಟಿದ ಕನಸು

ಇಷ್ಟೆಲ್ಲ ಹೆಸರು ಬಂದ ಮೇಲೆ ವಿದೇಶದಲ್ಲೇ ಉಳಿಯಬಹುದಿತ್ತು. ಬಪ್ಪು 1953ರಲ್ಲಿ ಮರಳಿದರು. ಆಗ ಭಾರತದಲ್ಲಿ ಆಧುನಿಕ ದೊಡ್ಡ ದೂರದರ್ಶಕವೇ ಇರಲಿಲ್ಲ. ಉತ್ತರ ಪ್ರದೇಶದ ವೀಕ್ಷಣಾಲಯವನ್ನು ವಾರಾಣಸಿಯಿಂದ ನೈನಿತಾಲ್‌ಗೆ ತಂದು ಬೆಳೆಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಜಾಗ. ರಾತ್ರಿಯ ಆಕಾಶಕ್ಕೆ ಬೇರೆ ಕಡೆ ನೋಡಬೇಕಿತ್ತು. ಹುಡುಕಾಟ ನಿಂತದ್ದು ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ.

1972ರಲ್ಲಿ ಅಲ್ಲಿಗೆ ಒಂದು ಮೀಟರ್ ವ್ಯಾಸದ ದೂರದರ್ಶಕ ಬಂತು. ಅದೇ ವರ್ಷ ಗುರುವಿನ ಉಪಗ್ರಹ ಗ್ಯಾನಿಮೀಡ್‌ಗೆ ತೆಳುವಾದ ವಾತಾವರಣವಿರುವ ಸುಳಿವು ಸಿಕ್ಕಿತು. 1977ರಲ್ಲಿ ಯುರೇನಸ್‌ನ ಉಂಗುರಗಳು ಪತ್ತೆಯಾದ ರಾತ್ರಿ ಕಾವಲೂರೂ ಅವನ್ನು ದಾಖಲಿಸಿತು. ಈ ನಡುವೆ 1971ರಲ್ಲಿ ಖಭೌತ ವಿಜ್ಞಾನ ಸಂಸ್ಥೆ ಸ್ವಾಯತ್ತವಾಯಿತು. ಮುಂದೆ ಕೋರಮಂಗಲ ಅದರ ಮನೆಯಾಯಿತು.

ಬಪ್ಪು ಅವರ ದೊಡ್ಡ ಹಟ 2.34 ಮೀಟರ್ ದೂರದರ್ಶಕ. ಸಿದ್ಧ ಉಪಕರಣ ಆಮದು ಮಾಡಿಕೊಂಡರೆ ಬೇಗ ಮುಗಿಯುತ್ತಿತ್ತು. ಆದರೆ ದೇಶದಲ್ಲೇ ಕಟ್ಟಬೇಕೆಂದು ಅವರು ನಿಂತರು. ದೊಡ್ಡ ಕನ್ನಡಿಯನ್ನು ಸಂಸ್ಥೆಯ ಸ್ವಂತ ಪ್ರಯೋಗಾಲಯದಲ್ಲೇ ಉಜ್ಜಿ ನಯಗೊಳಿಸಲಾಯಿತು.

ಆ ಹಟಕ್ಕೆ ತೆತ್ತ ಬೆಲೆ ಸಮಯ. 1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದ ಬಪ್ಪು, 1982ರ ಆಗಸ್ಟ್ 19ರಂದು ಹೃದಯ ಶಸ್ತ್ರಚಿಕಿತ್ಸೆಯ ನಂತರ ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು ಕೇವಲ 55. ದೂರದರ್ಶಕ ಇನ್ನೂ ಪೂರ್ತಿಯಾಗಿರಲಿಲ್ಲ. ಅವರು ತಯಾರು ಮಾಡಿದ ತಂಡ ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದಾಗ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಬಪ್ಪು ಹೆಸರನ್ನೇ ಇಡಲಾಯಿತು.

ಫೆಬ್ರವರಿ, ಮಾರ್ಚ್ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನಿಂದಾಗಲಿ, ಹೈದರಾಬಾದ್‌ನಿಂದಾಗಲಿ ದಕ್ಷಿಣದ ಆಕಾಶ ನೋಡಿದರೆ ಗಾಮಾ ವೆಲೋರಮ್ ಬರಿಗಣ್ಣಿಗೇ ಕಾಣುತ್ತದೆ. ಒಂದು ಚುಕ್ಕಿಯಂತೆ ಕಾಣುವ ಈ ಜೋಡಿಯಲ್ಲಿ ಒಂದು, ಇಂಗಾಲ ಊದುವ ವುಲ್ಫ್-ರಾಯೆ ನಕ್ಷತ್ರ. ನಮ್ಮ ಮೈಯಲ್ಲಿರುವ ಇಂಗಾಲವೂ ಸೂರ್ಯ ಹುಟ್ಟುವ ಮೊದಲೇ ಉರಿದು ಮುಗಿದ ನಕ್ಷತ್ರಗಳಿಂದ ಬಂದದ್ದು.