ಭಾಸ್ಕರಾಚಾರ್ಯ: ಮುತ್ತಿನ ಕಥೆಗಿಂತ ದೊಡ್ಡದು 18 ಡಿಗ್ರಿಯ ಲೆಕ್ಕ

ಮಗಳ ಮದುವೆಗೆ ಭಾಸ್ಕರಾಚಾರ್ಯರು ಮುಹೂರ್ತ ಇಟ್ಟಿದ್ದರು, ಗಳಿಗೆ ಬಟ್ಟಲಿಗೆ ಮುತ್ತು ಬಿದ್ದು ಮುಹೂರ್ತ ಮೀರಿಹೋಯಿತು, ಮಗಳ ಸಮಾಧಾನಕ್ಕಾಗಿ ಅವರು ‘ಲೀಲಾವತಿ’ ಬರೆದರು. ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಥೆ ಚೆನ್ನಾಗಿದೆ. ಆದರೆ ಭಾಸ್ಕರರ ಗ್ರಂಥಗಳಲ್ಲಿ ಅದು ಇಲ್ಲ. ಅಕ್ಬರನ ಆಸ್ಥಾನ ಕವಿ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದಲ್ಲಿ ಅದು ಸಿಗುತ್ತದೆ. ಅಂದರೆ ಭಾಸ್ಕರರ ಕಾಲಕ್ಕೆ 400 ವರ್ಷ ಆದಮೇಲೆ!

ಹಾಗಾದರೆ ನಿಜವಾಗಿ ಗೊತ್ತಿರುವುದೇನು?

ಭಾಸ್ಕರರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತಮ್ಮ ಊರು ಎಂದು ಭಾಸ್ಕರರೇ ಬರೆದಿದ್ದಾರೆ. ಇದು ನಮ್ಮ ವಿಜಯಪುರ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಆದರೆ ವಿಜಯಪುರ ಸಹ್ಯಾದ್ರಿಯಿಂದ ದೂರ ಇರುವುದರಿಂದ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣದ ಸುತ್ತಮುತ್ತ ಇರಬೇಕು ಎಂಬುದು ಇನ್ನು ಕೆಲವರ ವಾದ. ಹಾಗಾಗಿ ‘ವಿಜಯಪುರದವರೇ’ ಎಂಬುದು ಸಾಬೀತಾದ ಸಂಗತಿಯಲ್ಲ.

1150ರಲ್ಲಿ, 36ನೇ ವಯಸ್ಸಿಗೆ, ಅವರು ‘ಸಿದ್ಧಾಂತ ಶಿರೋಮಣಿ’ ಬರೆದರು. ಅದರ ‘ಜ್ಯೋತ್ಪತ್ತಿ’ ಭಾಗದ ವಿಷಯ, ಕೋನಗಳ ಜ್ಯಾ ಅಂದರೆ ಸೈನ್ ಬೆಲೆ ಕಂಡುಹಿಡಿಯುವುದು. ಶಾಲೆಯಲ್ಲಿ ನಾವು 30, 45, 60 ಡಿಗ್ರಿ ಬಾಯಿಪಾಠ ಮಾಡುತ್ತೇವೆ. ಗ್ರಹಣದ ಲೆಕ್ಕಕ್ಕೆ ಅಷ್ಟು ಸಾಲದು. ಜ್ಯಾ ತಪ್ಪಿದರೆ ಗ್ರಹಗಳ ಸ್ಥಾನವೂ ತಪ್ಪುತ್ತದೆ. ಭಾಸ್ಕರರು 18 ಮತ್ತು 36 ಡಿಗ್ರಿಗಳಿಗೂ ನಿಖರ ಬೆಲೆ ಕೊಟ್ಟರು.

ಇಂದಿನ ನಿತ್ಯಸಮೀಕರಣಗಳಿಂದ ನಾವೇ ಇದನ್ನು ಪರೀಕ್ಷಿಸಬಹುದು:

• 36 ಮತ್ತು 54 ಸೇರಿದರೆ 90. ಆದ್ದರಿಂದ ಸೈನ್ 36 = ಕೊಸೈನ್ 54.
• 36 ಎಂದರೆ 18ರ ಎರಡರಷ್ಟು, 54 ಎಂದರೆ ಮೂರರಷ್ಟು. ಎರಡೂ ಬದಿಗೆ ದ್ವಿಗುಣ, ತ್ರಿಗುಣ ಕೋನದ ಸೂತ್ರ ಹಾಕಿ.
• ಸೈನ್ 18 ಅನ್ನು ‘ಕ’ ಎಂದುಕೊಂಡರೆ ಉಳಿಯುವುದು 4ಕ² + 2ಕ − 1 = 0.
• ಉತ್ತರ: (√5 − 1) ÷ 4, ಅಂದರೆ ಸುಮಾರು 0.309.

ಎರಡು ಕೋನಗಳ ಮೊತ್ತ ಮತ್ತು ವ್ಯತ್ಯಾಸದ ಜ್ಯಾ ಕಂಡುಹಿಡಿಯುವ ನಿಯಮವನ್ನೂ ಅವರು ಕೊಟ್ಟಿದ್ದಾರೆ. 45ರಲ್ಲಿ 30 ಕಳೆದರೆ 15, 18ರಲ್ಲಿ 15 ಕಳೆದರೆ 3. ಹೀಗೆ 3, 6, 9 ಎಂದು ಮೂರು ಮೂರು ಡಿಗ್ರಿಗೂ ನಿಖರ ಬೆಲೆ ಸಿಗುತ್ತದೆ. 1 ಡಿಗ್ರಿಗೆ ಅವರು ಬಳಸಿದ ಅಂದಾಜು 10/573. ಇದು ಆರು ದಶಮಾಂಶ ಸ್ಥಾನದವರೆಗೆ ಸರಿ!

1183ರಲ್ಲಿ, 69ನೇ ವಯಸ್ಸಿಗೆ, ‘ಕರಣಕುತೂಹಲ’ ಬರೆದರು. ಮುಂದೆ ಮೊಮ್ಮಗ ಚಾಂಗದೇವ, ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಪಾಟಣದಲ್ಲಿ ಮಠ ಸ್ಥಾಪಿಸಿದ. 1207ರ ಶಾಸನ ಇದಕ್ಕೆ ಸಾಕ್ಷಿ. ಮನೆಯವರು ಉಳಿಸಲು ಬಯಸಿದ್ದು ಈ ಲೆಕ್ಕಗಳನ್ನು. ನಾವು ಫಾರ್ವರ್ಡ್ ಮಾಡುತ್ತಿರುವುದು ಮುತ್ತಿನ ಕಥೆಯನ್ನು.

ಮೊಬೈಲ್ ಕ್ಯಾಲ್ಕುಲೇಟರ್ ಅನ್ನು ಡಿಗ್ರಿಗೆ ಇಟ್ಟು 18ರ ಸೈನ್ ಒತ್ತಿ ನೋಡಿ. ಮುಂದಿನ ಸಲ ಆ ಕಥೆ ಬಂದಾಗ, ಇದನ್ನೂ ಜೊತೆಗೆ ಕಳಿಸಿ.